ಎಡಗಡೆ ಗೋಡೆಯ ಮೇಲೆ ಮೂರು ಸೆಕೆಂಡು

ಓರ್ವಿಲ್ ಪ್ರಿಚೆಟ್ ಸಿನಿಮಾದಲ್ಲಿ ಇದ್ದಾನೆ ಎಂಬ ಸಂಗತಿ ಓರ್ವಿಲ್ ಪ್ರಿಚೆಟ್ಟನಿಗೆ ಗೊತ್ತಿತ್ತು, ಅವನ ಹೆಂಡತಿ ಡೋರೀನಳಿಗೆ ಗೊತ್ತಿತ್ತು. ಸಿನಿಮಾದವರಿಗೆ ಮಾತ್ರ ಗೊತ್ತಿರಲಿಲ್ಲ. ಐವತ್ತು ವರ್ಷ ಈ ಏರ್ಪಾಡು ಯಾರಿಗೂ ತೊಂದರೆ ಕೊಡದೆ ನಡೆದುಕೊಂಡು ಬಂದಿತ್ತು. ಅದನ್ನು ಸರಿಪಡಿಸಲು ಹೋದದ್ದೇ ಎಡವಟ್ಟಾಯಿತು.

ಸಿನಿಮಾದ ಹೆಸರು ‘ಹದಿನೇಳನೇ ಮೆಟ್ಟಿಲು’. 1948ರಲ್ಲಿ ಹಾಲಿವುಡ್ಡಿನ ಅಲ್ಟಮೀರಾ ಸ್ಟುಡಿಯೊದಲ್ಲಿ ತಯಾರಾದ ಕಪ್ಪುಬಿಳುಪು ಚಿತ್ರ. ನಾಯಕ ಕಾರ್ಲ್‌ಟನ್ ವೇಡ್. ಈ ವೇಡ್ ಸಾಹೇಬರ ಮೂಗಿನ ಮೇಲೆ ಬೆಳಕು ಸರಿಯಾಗಿ ಕೂರಿಸಲು ಕ್ಯಾಮೆರಾದವರಿಗೆ ಕೆಲವು ಸಲ ಎರಡೆರಡು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಸುಡುವ ದೀಪದಡಿ ನಿಲ್ಲಲು ಸಾಹೇಬರಿಗೇನು ಹುಚ್ಚೇ? ಅವರು ತಮ್ಮ ಕೋಣೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದರು. ಅವರಷ್ಟೇ ಎತ್ತರದ, ಅವರಂಥದೇ ಕೋಟು ಟೋಪಿ ತೊಟ್ಟ ಒಬ್ಬನನ್ನು ಅವರ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಆ ನಿಲ್ಲುವವನೇ ನಮ್ಮ ಪ್ರಿಚೆಟ್. ಅಡುಗೆಗೆ ಉಪ್ಪು ಸರಿಯಿದೆಯೇ ಎಂದು ನಾಲಗೆಗೆ ಹಚ್ಚಿ ನೋಡಿ, ಎಲೆ ಹಾಕುವ ಮುಂಚೆ ಎದ್ದು ಹೋಗುವವನ ಕಸುಬು ಅದು. ದೀಪವೆಲ್ಲ ಹದಕ್ಕೆ ಬಂದ ಮೇಲೆ ಸಹಾಯಕ ನಿರ್ದೇಶಕ “ಮೊದಲನೇ ತಂಡ” ಎಂದು ಕೂಗುವನು. ಕೂಗಿದ ಕೂಡಲೇ ನಿಂತಿದ್ದವರು ಐದು ಎಣಿಸುವುದರೊಳಗೆ ಬೆಳಕಿನಿಂದ ಆಚೆ ಇರಬೇಕು. ಆಮೇಲೆ ಮೊದಲನೇ ತಂಡದ ದೊಡ್ಡವರು ಬರುವರು, ಕ್ಯಾಮೆರಾ ತಿರುಗುವುದು.

ಅರವತ್ತೊಂದು ದಿನದ ಚಿತ್ರೀಕರಣದಲ್ಲಿ ಪ್ರಿಚೆಟ್ ಒಂದೇ ಒಂದು ದಿನ ಐದರ ಬದಲು ಎಂಟು ಎಣಿಸಿದ. ಮೆಟ್ಟಿಲಿನ ಮೇಲೆ ವೇಡ್ ಸಾಹೇಬರ ಸಲುವಾಗಿ ಬೆಳಗಿನಿಂದ ನಿಂತಿದ್ದ. ಸಾಹೇಬರು ಹಿಂದಿನ ಸಂಜೆಯ ಪಾನಗೋಷ್ಠಿಯಿಂದ ಇನ್ನೂ ಭೂಮಿಗೆ ಇಳಿದಿರಲಿಲ್ಲ. ನಿರ್ದೇಶಕ ರೇಗಿ, ಇದೇ ಬೆಳಕಿನಲ್ಲಿ ನಾಯಕಿಯ ದೃಶ್ಯವನ್ನಾದರೂ ತೆಗೆದುಬಿಡೋಣ ಎಂದ. ಕಥೆಯಲ್ಲಿ ಅಷ್ಟು ಹೊತ್ತಿಗೆ ನಾಯಕ ಸತ್ತು ಹೋಗಿ, ನಾಯಕಿ ಒಬ್ಬಳೇ ಮೆಟ್ಟಿಲಿಳಿದು ಬರುವ ದೃಶ್ಯ. “ಮೊದಲನೇ ತಂಡ” ಎಂದು ಕೂಗು ಬಿತ್ತು. ನಾಯಕಿ ಐರಿಸ್ ಹ್ಯಾಲೊವೆ ಬಂದಳು. ಅವಳ ನಿಲುವಂಗಿಯ ಸೆರಗು ತುಳಿಯಬಾರದೆಂದು ಪ್ರಿಚೆಟ್ ದೀಪದ ಮುಂದೆ ಒಂದು ಗಳಿಗೆ ನಿಂತ. ನಿಂತವನು ಸುಮ್ಮನೆ ಹೋಗಬಾರದೆ? ತಾಯಿ ಕಲಿಸಿದ ಮರ್ಯಾದೆ, ಹೆಂಗಸು ಎದುರಿಗೆ ಬಂದರೆ ಟೋಪಿ ಎತ್ತಬೇಕು. ಎತ್ತಿದ. ಕ್ಯಾಮೆರಾ ಆಗಲೇ ತಿರುಗುತ್ತಿತ್ತು. ಎಡಗಡೆ ಗೋಡೆಯ ಮೇಲೆ ಆಳೆತ್ತರದ ನೆರಳೊಂದು ಮೂರು ಸೆಕೆಂಡು ನಿಂತು, ಟೋಪಿ ಎತ್ತಿ, ಹೊರಟುಹೋಯಿತು.

ಅಂದು ಯಾರೂ ಗಮನಿಸಲಿಲ್ಲ. ಚಿತ್ರ ಬಂತು, ಓಡಿತು, ಹತ್ತಿಪ್ಪತ್ತು ವರ್ಷದಲ್ಲಿ ಅಮರಕೃತಿ ಎನಿಸಿಕೊಂಡಿತು. ಅಮರಕೃತಿಯಾದ ಮೇಲೆ ಪ್ರೊಫೆಸರುಗಳು ಬಂದೇ ಬರುತ್ತಾರೆ. ಒಬ್ಬ ಪ್ರೊಫೆಸರು ಆ ನೆರಳನ್ನು ಕಂಡುಹಿಡಿದು, ಅದು ಸತ್ತ ಗಂಡನ ಆತ್ಮ ಹೆಂಡತಿಗೆ ಹೇಳುವ ಕಡೆಯ ವಿದಾಯ, ನಿರ್ದೇಶಕನ ಮಹಾಪ್ರತಿಭೆಗೆ ಸಾಕ್ಷಿ ಎಂದು ಮುನ್ನೂರು ಪುಟದ ಗ್ರಂಥ ಬರೆದ. ಇನ್ನೊಬ್ಬ, ಅದು ಆತ್ಮವಲ್ಲ, ಆಕೆಯ ಪಾಪಪ್ರಜ್ಞೆ ಎಂದು ನಾನೂರು ಪುಟ ಬರೆದ. ಇಬ್ಬರೂ ಮಾತು ಬಿಟ್ಟರು. ಆತ್ಮವೂ ಪಾಪಪ್ರಜ್ಞೆಯೂ ಆದ ನಮ್ಮ ಪ್ರಿಚೆಟ್ ಆ ಹೊತ್ತಿಗೆ ಬರ್ಬ್ಯಾಂಕಿನ ಒಂದು ಶಾಲೆಯ ಮುಂದೆ ಕೈಯಲ್ಲಿ ಕೆಂಪು ಫಲಕ ಹಿಡಿದು, ಮಕ್ಕಳು ರಸ್ತೆ ದಾಟುವಾಗ ಕಾರು ನಿಲ್ಲಿಸುವ ಕೆಲಸ ಮಾಡುತ್ತಿದ್ದ. ನಿಲ್ಲುವುದೊಂದು ಬಿಟ್ಟು ಅವನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಡೋರೀನ್ ಆ ನೆರಳನ್ನು ನೋಡಿದ್ದು ಒಂದೇ ಸಲ, ಚಿತ್ರ ಬಿಡುಗಡೆಯಾದ ವಾರ. ಆಗ ಅವಳು ವಿಗ್ಗಿನ ಅಂಗಡಿಯಲ್ಲಿ ಕೂದಲು ಹೆಣೆಯುತ್ತಿದ್ದಳು. ಪ್ರಿಚೆಟ್ ಮೊದಲ ಬಾರಿ ಅವಳನ್ನು ಕರೆದುಕೊಂಡು ಹೋದದ್ದು ಆ ಚಿತ್ರಕ್ಕೆ. “ಎಡಗಡೆ ನೋಡು, ಈಗ, ಈಗ” ಎಂದ. ಅವಳು ನೋಡಿದಳು. ಗೋಡೆಯ ಮೇಲಿನ ನೆರಳು ಟೋಪಿ ಎತ್ತಿತು. ತನಗೇ ಎತ್ತಿತು ಎಂದುಕೊಂಡಳು ಪಾಪ. ಆರು ವಾರದಲ್ಲಿ ಮದುವೆಯಾಯಿತು.

ಆಮೇಲೆ ಚಿತ್ರ ಟೀವಿಗೆ ಬಂತು. ಟೀವಿಯ ಪೆಟ್ಟಿಗೆ ಸಿನಿಮಾದ ಪರದೆಗಿಂತ ಇಕ್ಕಟ್ಟು. ನಾಲ್ಕೂ ಅಂಚು ಒಂದಿಷ್ಟು ಕತ್ತರಿಸಿ ಹೋಗುತ್ತದೆ. ಎಡಗಡೆ ಅಂಚಿನ ಜೊತೆ ಪ್ರಿಚೆಟ್ಟೂ ಹೋದ. ಕಷ್ಟ ಶುರುವಾದದ್ದು ಅಲ್ಲಿಂದ, ಏಕೆಂದರೆ ಡೋರೀನಳಿಗೆ ಮ್ಯಾವಿಸ್ ಎಂಬ ಅಕ್ಕ ಇದ್ದಳು.

ಮ್ಯಾವಿಸಳ ಗಂಡ ಚೆಟ್ ಬೇಕರ್ಸ್‌ಫೀಲ್ಡಿನಲ್ಲಿ ಈಜುಕೊಳ ಕಟ್ಟಿಸಿಕೊಡುವ ವ್ಯಾಪಾರ ಮಾಡಿ ತೀರಿಕೊಂಡವನು. ಬದುಕಿದ್ದಾಗ ಅಲ್ಲಿಯ ಟೀವಿಯಲ್ಲಿ ತನ್ನ ಅಂಗಡಿಯ ಜಾಹೀರಾತಿಗೆ ತಾನೇ ಚಡ್ಡಿ ಹಾಕಿಕೊಂಡು ಕೊಳಕ್ಕೆ ಹಾರಿದ್ದ. ಪ್ರತಿ ನವೆಂಬರಿನಲ್ಲಿ ಟರ್ಕಿ ಕೋಳಿಯ ಹಬ್ಬದೂಟಕ್ಕೆ ತಂಗಿಯ ಮನೆಗೆ ಬರುವ ಮ್ಯಾವಿಸ್, ಕೋಳಿ ಕೊಯ್ಯುವ ಹೊತ್ತಿಗೆ ಸರಿಯಾಗಿ ಆ ಮಾತು ತೆಗೆಯುತ್ತಿದ್ದಳು.

“ನಮ್ಮ ಚೆಟ್ ಪೂರ್ತಿ ಮೂವತ್ತು ಸೆಕೆಂಡು ಬಂದ, ಡೋರೀನ್. ಮುಖ ಸಮೇತ. ಇಡೀ ಬೇಕರ್ಸ್‌ಫೀಲ್ಡ್ ನೋಡ್ತು.”

“ಓರ್ವಿಲ್ ಇರೋದು ದೊಡ್ಡ ಪರದೇಲಿ. ಎಡಗಡೆ.”

“ನಾನು ಆ ಸಿನಿಮಾನ ಒಂಬತ್ತು ಸಲ ನೋಡಿದೀನಿ ಕಣೆ. ಎಡಗಡೆ ನಮ್ಮ ಟೀವಿ ಪೆಟ್ಟಿಗೆ ಮರ ಇದೆ.”

“ನಾನು ಕಣ್ಣಾರೆ ಕಂಡಿದೀನಿ, ಮ್ಯಾವಿಸ್.”

“ಪ್ರೀತೀಲಿ ಬಿದ್ದ ಹುಡುಗಿ ಏನೇನೋ ಕಾಣ್ತಾಳೆ. ಒಂದಿಷ್ಟು ಸಾರು ಬಡಿಸು.”

ನಲವತ್ತೇಳು ಹಬ್ಬ ಹೀಗೆ ಕಳೆದವು. ಡೋರೀನ್ ಒಂದು ವರ್ಷವೂ ಸೋಲಲಿಲ್ಲ. ಆದರೆ ಈಚೆಗೆ ಪಾತ್ರೆ ತೊಳೆಯುತ್ತಾ ಅವಳು ಗಂಡನನ್ನು ಒಮ್ಮೆ ಕೇಳಿದಳು: “ಓರ್ವಿಲ್, ಅದು ಎಡಗಡೇನೇ ಅಲ್ವಾ?” ಕೇಳಿದ್ದು ಅಷ್ಟೇ. ಅಷ್ಟಕ್ಕೇ ಪ್ರಿಚೆಟ್ ಒರೆಸಿಟ್ಟ ತಟ್ಟೆಯನ್ನೇ ಮತ್ತೆ ಒರೆಸತೊಡಗಿದ. ಊರೆಲ್ಲ ನಂಬದಿದ್ದರೆ ಅವನಿಗೆ ಏನೂ ಆಗಬೇಕಾಗಿರಲಿಲ್ಲ; ಎಪ್ಪತ್ತೈದನೇ ವಯಸ್ಸಿನಲ್ಲಿ ಇದ್ದೊಬ್ಬ ಸಾಕ್ಷಿಯೂ ಕೈಬಿಟ್ಟರೆ ಮನುಷ್ಯ ಏನು ಮಾಡಬೇಕು?

ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು. ‘ಹದಿನೇಳನೇ ಮೆಟ್ಟಿಲಿ’ಗೆ ಐವತ್ತು ವರ್ಷ ತುಂಬುತ್ತದೆ. ಹಳೆಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ತೊಳೆದು, ಗೀರು ಕಲೆ ತೆಗೆದು ಹೊಸದರಂತೆ ಮಾಡಿ, ಹಾಲಿವುಡ್ ಬುಲವಾರ್ಡಿನ ಹಳೇ ಚಿತ್ರಮಂದಿರದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ನಟರು, ನಿರ್ದೇಶಕರು ಎಲ್ಲ ತೀರಿಕೊಂಡಿದ್ದಾರೆ. ಚಿತ್ರಕ್ಕೆ ಕೆಲಸ ಮಾಡಿದವರು ಯಾರಾದರೂ ಬದುಕಿದ್ದರೆ ತಿಳಿಸಿ ಎಂದು ಕೆಳಗೆ ಬರೆದಿತ್ತು.

“ನಾನು ಬದುಕಿದೀನಿ” ಎಂದ ಪ್ರಿಚೆಟ್.

“ಅದಕ್ಕೆ ಕಾಗದಪತ್ರ ಬೇಕು” ಎಂದ ಪಕ್ಕದ ಮನೆಯ ಯೋಸ್ಟ್.

ಪ್ರಿಚೆಟ್ ಇದ್ದದ್ದು ಒಂದೇ ಹುಲ್ಲುಹಾಸಿನ ಸುತ್ತ ಎಂಟು ಪುಟ್ಟ ಮನೆಗಳಿರುವ ವಠಾರದಲ್ಲಿ. ಮೂರನೇ ಮನೆಯ ಯೋಸ್ಟ್ ವಿಮಾ ಕಂಪನಿಯಲ್ಲಿ ಮೂವತ್ತೈದು ವರ್ಷ ಪರಿಹಾರದ ಅರ್ಜಿಗಳನ್ನು ತಿರಸ್ಕರಿಸಿ ನಿವೃತ್ತನಾದವನು. ಮನುಷ್ಯ ಒಳ್ಳೆಯವನೇ, ಆದರೆ ಕಾಗದ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ.

ಅವನ ಮಾತು ಕೇಳಿ ಪ್ರಿಚೆಟ್ ಹಳೇ ಸ್ಟುಡಿಯೊಗಳ ದಾಖಲೆ ಇಟ್ಟಿರುವ ಕಚೇರಿಗೆ ಹೋದ. ಗಾಜಿನ ಕಿಟಕಿಯ ಹಿಂದಿದ್ದ ಗುಮಾಸ್ತ ಅಲ್ಟಮೀರಾದ ದಿನವಹಿಗಳ ಪೆಟ್ಟಿಗೆ ತಂದು ತಿರುವಿದ.

“ಹೆಸರು?”

“ಓರ್ವಿಲ್ ಪ್ರಿಚೆಟ್.”

“ಪ್ರಿಚೆಟ್ ಇಲ್ಲ. ಏನು ಪಾತ್ರ?”

“ಪಾತ್ರ ಅಲ್ಲ. ನಿಲ್ತಿದ್ದೆ.”

“ಎಲ್ಲಿ?”

“ಮಿಸ್ಟರ್ ವೇಡ್ ನಿಲ್ಲೋ ಜಾಗದಲ್ಲಿ. ಅವ್ರು ಬರೋವರೆಗೆ.”

ಗುಮಾಸ್ತ ಬೆರಳು ಇಳಿಸುತ್ತಾ ಹೋದ. “ಹಾಂ, ಇಲ್ಲಿದೆ. ‘ನಿಲ್ಲುವವನು, ಒಂದು.’ ಹೆಸರು ಬರೆದಿಲ್ಲ. ಅದರ ಕೆಳಗೆ ‘ಕುದುರೆ, ಒಂದು. ಹೆಸರು ಡಚೆಸ್. ಬಣ್ಣ ಕಂದು. ವಯಸ್ಸು ಒಂಬತ್ತು. ಬಲಗಾಲು ಸ್ವಲ್ಪ ಸೂಕ್ಷ್ಮ.’ ನೀವು ಡಚೆಸ್ ಕಡೆಯವರಾಗಿದ್ರೆ ಇವತ್ತೇ ಪ್ರಮಾಣಪತ್ರ ಕೊಡಬಹುದಿತ್ತು.”

“ಅದು ಒಂದೇ ದಿನ ಬಂದಿದ್ದು. ಅದೂ ಕಿಟಕಿ ಆಚೆ.”

“ಇರಬಹುದು. ದಾಖಲೆ ಚೆನ್ನಾಗಿದೆ” ಎಂದು ಗುಮಾಸ್ತ ಮರುಕದಿಂದ ಪೆಟ್ಟಿಗೆ ಮುಚ್ಚಿದ.

ಪ್ರಿಚೆಟ್ ಇಳಿದ ಮುಖದಲ್ಲಿ ಮನೆಗೆ ಬಂದ. ಚಿತ್ರ ತೊಳೆಯುವವರಿಗೆ ನೇರವಾಗಿ ಪತ್ರ ಬರೆಯುವುದು ಎಂದು ವಠಾರದಲ್ಲಿ ತೀರ್ಮಾನವಾಯಿತು. ಪ್ರಿಚೆಟ್ ತಾನೇ ಬರೆದ ಮೊದಲ ಕರಡಿನಲ್ಲಿ ತಾಯಿ ಕಲಿಸಿದ ಮರ್ಯಾದೆ ಇತ್ತು, ಐರಿಸ್ ಹ್ಯಾಲೊವೆಯ ಸೆರಗು ಇತ್ತು, ವಿಗ್ಗಿನ ಅಂಗಡಿ ಇತ್ತು, “ದಯವಿಟ್ಟು ಒಂದು ಮೂಲೆಯಲ್ಲಿ ನನ್ನ ಹೆಸರು ಹಾಕಿದರೆ ನನ್ನ ಹೆಂಡತಿಗೆ ಸಂತೋಷವಾಗುತ್ತದೆ” ಎಂದೂ ಇತ್ತು. ಯೋಸ್ಟ್ ಅದನ್ನು ಓದಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ.

“ಗೋಗರೆಯೋ ಕಾಗದಾನ ಯಾರೂ ಓದಲ್ಲ, ಓರ್ವಿಲ್. ನಾನು ಮೂವತ್ತೈದು ವರ್ಷ ಓದಿಲ್ಲ. ಎಲ್ಲಿ ಆಯ್ತು, ಯಾವಾಗ ಆಯ್ತು, ಯಾರು ಹೊಣೆ, ಇಷ್ಟೇ ಹೇಳಬೇಕು. ಓದಿದೋನಿಗೆ ಕುತ್ತಿಗೆ ಹಿಡಿದ ಹಾಗಿರಬೇಕು.”

“ಹೆಸರು ಹಾಕಿ ಅಂತ ಕೇಳೋದು ಬೇಡ್ವಾ?”

“ಕೇಳಬಾರದು. ಅವ್ರಿಗೇ ಹೊಳೀಬೇಕು.”

ಯೋಸ್ಟ್ ಟೈಪು ಮಾಡಿದ ಪತ್ರ ಹೀಗಿತ್ತು: “ವಿಷಯ: ಐದನೇ ರೀಲಿನ ನೆರಳಿನ ಬಗ್ಗೆ. ಮಾನ್ಯರೇ, ಮೇಲ್ಕಂಡ ಚಿತ್ರದ ಮೆಟ್ಟಿಲಿನ ದೃಶ್ಯದಲ್ಲಿ, ಎಡಗಡೆ ಗೋಡೆಯ ಮೇಲೆ, ಕಥೆಗೆ ಸಂಬಂಧಪಡದ ವ್ಯಕ್ತಿಯೊಬ್ಬನ ನೆರಳು ಮೂರು ಸೆಕೆಂಡು ಬಿದ್ದಿರುತ್ತದೆ. ಸದರಿ ನೆರಳಿಗೆ ಕೆಳಗೆ ಸಹಿ ಮಾಡಿದವನೇ ಸಂಪೂರ್ಣ ಹೊಣೆ. ಐವತ್ತು ವರ್ಷಗಳಿಂದ ಈ ವಿಷಯದಲ್ಲಿ ಸಂಬಂಧಪಟ್ಟವರು ಏನೂ ಮಾಡಿರುವುದಿಲ್ಲ. ಇನ್ನಾದರೂ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ.”

ಡೋರೀನ್ ಓದಿದಳು. “ಇದರಲ್ಲಿ ಸಂತೋಷದ ಮಾತೇ ಇಲ್ವಲ್ಲ?”

“ಸಂತೋಷ ಆಮೇಲೆ ಬರುತ್ತೆ” ಎಂದು ಯೋಸ್ಟ್ ಲಕೋಟೆ ಅಂಟಿಸಿದ.

ನಾಲ್ಕನೇ ದಿನ ಫೋನು ಬಂತು. ಮಾತಾಡಿದವಳು ಚಿತ್ರ ತೊಳೆಯುವ ತಂಡದ ಮುಖ್ಯಸ್ಥೆ ಮಿಸ್ ಲಿಂಡ್‌ಕ್ವಿಸ್ಟ್. ದನಿಯಲ್ಲಿ ಸಂಭ್ರಮವೋ ಸಂಭ್ರಮ.

“ಮಿಸ್ಟರ್ ಪ್ರಿಚೆಟ್, ನಿಮ್ಮ ಪತ್ರ ಬಂದಾಗಿನಿಂದ ನಮ್ಮಲ್ಲಿ ಯಾರಿಗೂ ಕೈಕಾಲು ಆಡ್ತಿಲ್ಲ. ಆ ನೆರಳು ಡೈರೆಕ್ಟರ್ ಬೇಕು ಅಂತಲೇ ಇಟ್ಟಿದ್ದು ಅಂತ ನಾವೆಲ್ಲ ಅಂದುಕೊಂಡಿದ್ವಿ. ನಿಜ ಹೇಳಿ, ಅವರಿಗೆ ಗೊತ್ತಿತ್ತಾ?”

ಪ್ರಿಚೆಟ್ ಎದೆ ಉಬ್ಬಿಸಿದ. ಐವತ್ತು ವರ್ಷದಿಂದ ತನ್ನ ನೆರಳಿನ ಹೆಗ್ಗಳಿಕೆಯನ್ನು ಆ ನಿರ್ದೇಶಕ ಹೊಡೆದುಕೊಂಡು ಹೋಗಿದ್ದ. ಇವತ್ತು ವಾಪಸು ಕಸಿದುಕೊಳ್ಳುವ ಕಾಲ ಬಂದಿತ್ತು.

“ಅವನಿಗೆ ಏನೂ ಗೊತ್ತಿರ್ಲಿಲ್ಲಮ್ಮ. ಅವನು ಆಕಡೆ ತಿರುಗಿ ಸಿಗಾರ್ ಹಚ್ಚುತಿದ್ದ. ಪೂರ್ತಿ ನಂದೇ. ನಂದೊಬ್ಬಂದೇ.”

“ಅಂದ್ರೆ ಅದು ಅಚಾತುರ್ಯ? ಕಥೆಗೆ ಅದು ಬೇಕಿರ್ಲಿಲ್ಲ?”

“ಕಥೆಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ನಾನು ಅಲ್ಲಿ ಇರ್ಲೇಬಾರದಿತ್ತು.”

“ಇದನ್ನ ಪ್ರಮಾಣ ಮಾಡಿ ಬರೆದುಕೊಡ್ತೀರಾ?”

“ಬೈಬಲ್ ಮುಟ್ಟಿ.”

ಬರೆದೂ ಕೊಟ್ಟ. ಬೀದಿಯ ಔಷಧಿ ಅಂಗಡಿಯ ಹಿಂಭಾಗದಲ್ಲಿ ಮುದ್ರೆ ಒತ್ತುವ ನೋಟರಿ ಕೂರುತ್ತಿದ್ದಳು. ಅವಳ ಮುಂದೆ ಬಲಗೈ ಎತ್ತಿ, ಸದರಿ ನೆರಳು ತನ್ನದೇ, ಸದರಿ ನೆರಳು ತಪ್ಪಿನಿಂದ ಬಿದ್ದದ್ದೇ ಎಂದು ಗಟ್ಟಿಯಾಗಿ ಓದಿ ರುಜು ಹಾಕಿದ. “ಏನಪ್ಪಾ, ಯಾರನ್ನಾದ್ರೂ ಗುದ್ದಿದ್ಯಾ?” ಎಂದು ಕೇಳಿದಳು ನೋಟರಿ. “ಇಲ್ಲ, ಸಿನಿಮಾದಲ್ಲಿದೀನಿ” ಎಂದ ಪ್ರಿಚೆಟ್. ಕೋಲು ಕೊಟ್ಟು ಹೊಡೆಸಿಕೊಂಡವರನ್ನು ಲೋಕ ಕಂಡಿದೆ. ಕೋಲಿಗೆ ಮುದ್ರೆ ಒತ್ತಿಸಿ ಕೊಟ್ಟವನು ಇವನೊಬ್ಬನೇ ಇರಬೇಕು.

ವಾರದ ನಂತರ ದಪ್ಪ ಕಾಗದದ ಆಮಂತ್ರಣ ಬಂತು. ಯೋಸ್ಟ್ ಹುಲ್ಲುಹಾಸಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಓದಿದ: “ನಿಮ್ಮ ಹೇಳಿಕೆ ನಲವತ್ತು ವರ್ಷದ ಜಗಳವನ್ನು ಮುಗಿಸಿದೆ. ನೆರಳಿನ ವಿಷಯದಲ್ಲಿ ನೀವು ಕೋರಿದಂತೆ ಸೂಕ್ತ ಕ್ರಮ ಕೈಗೊಂಡಿದ್ದೇವೆ. ದೊಡ್ಡ ಪರದೆಯ ಮೇಲೆ ನೀವೇ ನೋಡಿ ಸಂತೋಷಪಡುವಿರಿ. ಚಿತ್ರತಂಡದ ಬದುಕಿರುವ ಕಡೆಯ ಸದಸ್ಯರಾದ ತಮ್ಮನ್ನು ಭಾನುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಗೌರವ ಅತಿಥಿಯಾಗಿ ಆಹ್ವಾನಿಸುತ್ತೇವೆ.”

“ನೋಡಿದ್ಯಾ, ಸಂತೋಷ ಆಮೇಲೆ ಬರುತ್ತೆ ಅಂದಿದ್ದೆ” ಎಂದ ಯೋಸ್ಟ್.

ಸೂಕ್ತ ಕ್ರಮ ಎಂದರೆ ಏನಿರಬಹುದು? ವಠಾರದಲ್ಲಿ ಮೂರು ದಿನ ಬೇರೆ ಚರ್ಚೆಯಿರಲಿಲ್ಲ. ನೆರಳಿನ ಕೆಳಗೆ ಹೆಸರು ಬರೆದಿರುತ್ತಾರೆ ಎಂದ ಯೋಸ್ಟ್. ನೆರಳನ್ನು ಇನ್ನಷ್ಟು ಕಪ್ಪು ಮಾಡಿರುತ್ತಾರೆ, ಈಗಿನ ಕಂಪ್ಯೂಟರು ಏನು ಬೇಕಾದರೂ ಮಾಡುತ್ತದೆ ಎಂದಳು ಆರನೇ ಮನೆಯ ಮಿಸೆಸ್ ಒಹಾನಿಯನ್. ನೆರಳಿಗೆ ಬಣ್ಣ ಕಟ್ಟಿದರೆ ಇನ್ನೂ ಚೆನ್ನ ಎಂದೂ ಸೇರಿಸಿದಳು. ಅವಳು ಗೌರವ ಅತಿಥಿಗಾಗಿ ದೊಡ್ಡ ತಟ್ಟೆ ತುಂಬ ಬಾಕ್ಲಾವ ಎಂಬ ಸಿಹಿತಿಂಡಿ ಮಾಡಿ ತಂದಳು. ಒಂದು ಚೂರು ತಾನೇ ತಿಂದು ನೋಡಿ, “ಪರವಾಗಿಲ್ಲ, ಸಿನಿಮಾದವರಿಗೆ ಸಾಕು” ಎಂದಳು. ಪ್ರಿಚೆಟ್ ಪೆಟ್ಟಿಗೆಯಿಂದ ಹಳೇ ಟೋಪಿ ತೆಗೆದು ಹಬೆ ಹಿಡಿದು ಆಕಾರಕ್ಕೆ ತಂದ. ಡೋರೀನ್ ಅಕ್ಕನಿಗೆ ಫೋನು ಮಾಡಿದಳು. ನಲವತ್ತೇಳು ವರ್ಷದಲ್ಲಿ ಅವಳು ತಾನಾಗಿ ಅಕ್ಕನನ್ನು ಕರೆದದ್ದು ಅದೇ ಮೊದಲು.

“ಭಾನುವಾರ ಬಾ, ಮ್ಯಾವಿಸ್. ಕನ್ನಡಕ ಮರೀಬೇಡ.”

ಭಾನುವಾರ ಎಂಟು ಮನೆಯವರೂ ನಾಲ್ಕು ಕಾರಿನಲ್ಲಿ ಹೊರಟರು. ಚಿತ್ರಮಂದಿರ ಭರ್ತಿಯಾಗಿತ್ತು. ಗೌರವ ಅತಿಥಿಗೆಂದು ಮೂರನೇ ಸಾಲಿನಲ್ಲಿ ಜಾಗ ಹಿಡಿದಿದ್ದರು. ಪ್ರಿಚೆಟ್ಟನ ಒಂದು ಪಕ್ಕ ಡೋರೀನ್, ಅವಳ ಆಚೆಗೆ ಮ್ಯಾವಿಸ್, ಹಿಂದಿನ ಸಾಲಿನಲ್ಲಿ ವಠಾರ. ಮ್ಯಾವಿಸ್ ಎರಡು ಕನ್ನಡಕ ತಂದಿದ್ದಳು.

ಚಿತ್ರ ಶುರುವಾಯಿತು. ಎಂಥ ಕೆಲಸ ಮಾಡಿದ್ದರು! ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ವೇಡ್ ಸಾಹೇಬರ ಮೂಗಿನ ಮೇಲಿನ ಬೆಳಕು ಎರಡು ಗಂಟೆಯ ದುಡಿಮೆಯೆಲ್ಲ ಸಾರ್ಥಕವಾಗುವಂತೆ ಹೊಳೆಯಿತು. ಆ ಬೆಳಕಿನ ಬಿಸಿ ತಿಂದವನು ಮೂರನೇ ಸಾಲಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮೂರನೇ ರೀಲಿನಲ್ಲಿ ಅಡುಗೆಯವನ ನೆರಳೊಂದು ಬಾಗಿಲ ಮೇಲೆ ಬಿದ್ದಾಗ ಮಿಸೆಸ್ ಒಹಾನಿಯನ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು. “ಅದಲ್ಲ, ಕೂತ್ಕೊ” ಎಂದು ಯೋಸ್ಟ್ ಅವಳ ತೋಳು ಹಿಡಿದು ಎಳೆದ.

ಐದನೇ ರೀಲು ಬಂತು. ಮೆಟ್ಟಿಲು ಕಂಡಿತು. ಡೋರೀನ್ ಗಂಡನ ಕೈ ಹಿಡಿದುಕೊಂಡಳು.

“ಎಡಗಡೆ ನೋಡು, ಮ್ಯಾವಿಸ್. ಈಗ.”

ಐರಿಸ್ ಹ್ಯಾಲೊವೆ ಮೇಲಿನ ಮೆಟ್ಟಿಲಲ್ಲಿ ನಿಂತಳು. ಒಂದು ಕಾಲು ಇಳಿಸಿದಳು. ಇನ್ನೊಂದು ಕಾಲು. ಎಡಗಡೆ ಗೋಡೆ ಹಾಗೇ ಇತ್ತು. ಸುಣ್ಣ ಬಳಿದು ಹೋದ ಹಾಗೆ ಬೆಳ್ಳಗೆ, ಶುಭ್ರವಾಗಿ ಇತ್ತು.

“ಬಂತಾ?” ಎಂದಳು ಮ್ಯಾವಿಸ್.

“ತಾಳು.”

ನಾಯಕಿ ಹದಿನೇಳೂ ಮೆಟ್ಟಿಲು ಇಳಿದಳು. ಕೆಳಗೆ ಬಂದು ಅತ್ತಳು. ದೃಶ್ಯ ಮುಗಿದು ಬೇರೆ ದೃಶ್ಯ ಬಂತು. ಮ್ಯಾವಿಸ್ ಕನ್ನಡಕ ತೆಗೆದು ಒರೆಸಿ, ಎರಡನೆಯದನ್ನು ಹಾಕಿಕೊಂಡು, ತಂಗಿಯ ಮುಖ ನೋಡಿ, ಹುಟ್ಟಿದಾಗಿನಿಂದ ಮೊದಲ ಸಲ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಅವಳ ಕೊಂಕಿಗಿಂತ ಆ ಮೌನವೇ ಡೋರೀನಳನ್ನು ಹೆಚ್ಚು ಚುಚ್ಚಿತು. ಅವಳು ಗಂಡನ ಕೈಯನ್ನು ಬಿಡಲಿಲ್ಲ, ಆದರೆ ಹಿಡಿತ ಸಡಿಲವಾದದ್ದು ಪ್ರಿಚೆಟ್ಟನಿಗೆ ಗೊತ್ತಾಯಿತು.

“ನಾನು ಇದ್ದೆ, ಡೋರೀನ್” ಎಂದ ಪಿಸುಮಾತಿನಲ್ಲಿ.

“ಇರ್ಲಿ ಬಿಡು” ಎಂದಳು ಡೋರೀನ್. ಆ ಎರಡು ಮಾತು ಅವನಿಗೆ ದಾಖಲೆ ಕಚೇರಿಯ ಕುದುರೆಗಿಂತ ಹೆಚ್ಚು ನೋವು ಮಾಡಿತು.

ಚಿತ್ರ ಮುಗಿದು ದೀಪ ಹತ್ತಿತು. ಮಿಸ್ ಲಿಂಡ್‌ಕ್ವಿಸ್ಟ್ ವೇದಿಕೆಗೆ ಬಂದಳು. ಮೂವತ್ತು ದಾಟದ ಹುಡುಗಿ, ಮುಖದ ತುಂಬ ಒಳ್ಳೆಯತನ. ಲೋಕದಲ್ಲಿ ದೊಡ್ಡ ದೊಡ್ಡ ಹಾನಿಗಳನ್ನು ಮಾಡುವುದು ಇಂಥ ಮುಖದವರೇ. ತೊಳೆಯುವ ಮೊದಲು ಚಿತ್ರ ಹೇಗಿತ್ತು, ತೊಳೆದ ಮೇಲೆ ಹೇಗಾಯಿತು ಎಂದು ಅವಳು ಪರದೆಯ ಮೇಲೆ ಅಕ್ಕಪಕ್ಕ ತೋರಿಸುತ್ತಾ ಹೋದಳು. ಇಲ್ಲಿ ಗೀರು, ಈಗ ಇಲ್ಲ. ಇಲ್ಲಿ ಬೂಷ್ಟು, ಈಗ ಇಲ್ಲ. ಪ್ರತಿಯೊಂದಕ್ಕೂ ಚಪ್ಪಾಳೆ.

“ಕೊನೇದಾಗಿ, ಈ ಚಿತ್ರದ ಅತಿ ದೊಡ್ಡ ಕಳಂಕ” ಎಂದಳು.

ಪರದೆಯ ಮೇಲೆ ಮೆಟ್ಟಿಲು ಬಂತು. ಎಡಗಡೆ ಗೋಡೆಯ ಮೇಲೆ, ಇಪ್ಪತ್ತಡಿ ಎತ್ತರಕ್ಕೆ, ಕೋಟು ಟೋಪಿ ಸಮೇತ ಓರ್ವಿಲ್ ಪ್ರಿಚೆಟ್ ನಿಂತಿದ್ದ. ಮೂರು ಸೆಕೆಂಡಲ್ಲ, ಅವಳು ಮಾತಾಡುವಷ್ಟು ಹೊತ್ತೂ ಅಲುಗದೆ ನಿಂತಿದ್ದ. ಕೈ ಟೋಪಿಯ ಅಂಚನ್ನು ಆಗತಾನೇ ಮುಟ್ಟಿತ್ತು.

“ಇದ್ದ” ಎಂದಳು ಮ್ಯಾವಿಸ್, ಗಟ್ಟಿಯಾಗಿಯೇ. “ದೇವರೇ, ಡೋರೀನ್, ನಿಜವಾಗ್ಲೂ ಇದ್ದ ಕಣೆ. ಅವನೇ. ಆ ಸೊಟ್ಟ ಭುಜ ನೋಡು.”

ಡೋರೀನ್ ಇಪ್ಪತ್ತೊಂದನೇ ವಯಸ್ಸಿನಲ್ಲಿ ನೋಡಿದ ಹಾಗೆಯೇ ಬಾಯಿ ತೆರೆದು ನೋಡುತ್ತಿದ್ದಳು. ಹಿಂದಿನ ಸಾಲಿನ ವಠಾರವೆಲ್ಲ ಎದ್ದು ನಿಂತಿತು. ಪ್ರಿಚೆಟ್ಟನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ನಿಮಿಷ ಇರಲಿಲ್ಲ, ಮತ್ತು ಅದು ಬಹಳವೆಂದರೆ ಒಂದು ನಿಮಿಷ.

“ಇದನ್ನ ಆತ್ಮ ಅಂದ್ರು, ಪಾಪಪ್ರಜ್ಞೆ ಅಂದ್ರು” ಎಂದು ಹುಡುಗಿ ಮುಂದುವರಿಸಿದಳು. ಮುಂದಿನ ಸಾಲಿನಲ್ಲಿ ಮುನ್ನೂರು ಪುಟದ ಪ್ರೊಫೆಸರು ತಲೆ ತಗ್ಗಿಸಿದ. “ನಾವೂ ನಂಬಿ, ಇದನ್ನ ಮುಟ್ಟಬಾರದು ಅಂತ ತೀರ್ಮಾನ ಮಾಡಿಬಿಟ್ಟಿದ್ವಿ. ಹಾಗೇ ಉಳಿದುಹೋಗ್ತಿತ್ತು. ಅಷ್ಟರಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯರು ಐವತ್ತು ವರ್ಷದ ತಮ್ಮ ತಪ್ಪನ್ನ ತಾವೇ ಒಪ್ಪಿಕೊಂಡು, ಇದಕ್ಕೆ ಏನಾದ್ರೂ ಮಾಡಿ ಅಂತ ಬರೆದ್ರು. ಪ್ರಮಾಣ ಮಾಡಿ ಸಹಿ ಹಾಕಿದ್ರು. ಅವರ ಆಸೆ ಇಗೋ, ನೆರವೇರಿದೆ.”

ಗುಂಡಿ ಒತ್ತಿದಳು. ಇಪ್ಪತ್ತಡಿ ಮನುಷ್ಯ ಕಾಲಿನಿಂದ ಶುರುವಾಗಿ ಮೇಲಕ್ಕೆ ಅಳಿಸಿಹೋದ. ಕಡೆಗೆ ಟೋಪಿ ಹೋಯಿತು. ಗೋಡೆ ಬೆಳ್ಳಗಾಯಿತು. ಸಭೆ ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿತು.

ಮ್ಯಾವಿಸ್ ಮಾತ್ರ ಕೆರಳಿದಳು. “ಯಾವ ಕತ್ತೆ ಹಾಗೆ ಬರೆದಿದ್ದು? ಅಳಿಸಿ ಅಂತ ಹೇಳಿದೋನ ಕೈ ಸೇದಿಹೋಗ.”

ಡೋರೀನ್ ಗಂಡನ ಕಡೆ ತಿರುಗಿದಳು. ಪ್ರಿಚೆಟ್ ಹಿಂದಕ್ಕೆ ತಿರುಗಿ ಯೋಸ್ಟನ ಕಡೆ ನೋಡಿದ. ಯೋಸ್ಟ್ ಬಾಕ್ಲಾವದ ತಟ್ಟೆ ನೋಡುತ್ತಿದ್ದ.

“ನೀವು ಕೋರಿದ್ದು ಅದೇ ಅಲ್ವಾ, ಮಿಸ್ಟರ್ ಪ್ರಿಚೆಟ್?” ಎಂದು ಹುಡುಗಿ ವೇದಿಕೆಯಿಂದ ಕೈಚಾಚಿದಳು. “ಮೇಲೆ ಬನ್ನಿ, ಎಲ್ಲರೂ ನಿಮ್ಮನ್ನ ನೋಡಬೇಕು.”

ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಬಿದ್ದಾಗ ಏನು ಮಾಡಬೇಕೆಂದು ಪ್ರಿಚೆಟ್ಟನಿಗೆ ಯಾರೂ ಕಲಿಸಿರಲಿಲ್ಲ. ಇಲ್ಲ, ನಾನು ಕೇಳಿದ್ದು ಅದಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಆ ಮಗುವಿನಂಥ ಮುಖ ಬಾಡುತ್ತದೆ. ಇಲ್ಲಿ ಸೇರಿದವರೆಲ್ಲ ನಗುತ್ತಾರೆ. ಹೋದ ನೆರಳಂತೂ ವಾಪಸು ಬರುವುದಿಲ್ಲ. ಟೋಪಿ ಹಾಕಿಕೊಂಡು ಎದ್ದ. ಮೆಟ್ಟಿಲು ಹತ್ತಿ ವೇದಿಕೆಯ ಎಡಗಡೆಯಿಂದ ಹೋಗಿ ಪರದೆಯ ಮುಂದೆ ನಿಂತ.

ಮೇಲಿನ ಕಿಟಕಿಯಿಂದ ಬರುತ್ತಿದ್ದ ಪ್ರೊಜೆಕ್ಟರಿನ ಬೆಳಕು ನೇರವಾಗಿ ಅವನ ಮೇಲೆ ಬಿತ್ತು. ಹಿಂದೆ ಮೆಟ್ಟಿಲು, ಎಡಗಡೆ ಶುಭ್ರವಾದ ಗೋಡೆ. ಆ ಗೋಡೆಯ ಮೇಲೆ, ಅದೇ ಜಾಗದಲ್ಲಿ, ಟೋಪಿ ಹಾಕಿದ ಸೊಟ್ಟ ಭುಜದ ನೆರಳೊಂದು ಎದ್ದು ನಿಂತಿತು.

ಡೋರೀನ್ ಅಕ್ಕನ ಮೊಣಕೈ ತಿವಿದಳು. “ಅಗೋ. ಎಡಗಡೆ.”

ಪ್ರಿಚೆಟ್ಟನಿಗೂ ಅದು ಕಂಡಿತು. ಮೂರನೇ ಸಾಲಿನಲ್ಲಿ ಹೆಂಡತಿ ನೋಡುತ್ತಿರುವುದೂ ಕಂಡಿತು. ಅವನ ಕೈ ಮೆಲ್ಲಗೆ ಟೋಪಿಯ ಕಡೆ ಏರತೊಡಗಿತು.

“ಸ್ವಾಮೀ” ಎಂದು ಮೇಲಿನ ಕಿಟಕಿಯಿಂದ ಪ್ರೊಜೆಕ್ಟರಿನವನು ಕೂಗಿದ. ಒರಟಾಗಿ ಏನೂ ಅಲ್ಲ, ಕೆಲಸದವರು ಕೂಗುವ ಹಾಗೆ. “ಬೆಳಕಿಗೆ ಅಡ್ಡ ನಿಂತಿದೀರ. ಆಚೆ ಸರೀರಿ, ಚಿತ್ರ ಕಾಣ್ತಿಲ್ಲ.”

ಏರಿದ ಕೈ ಅರ್ಧದಲ್ಲೇ ಇಳಿಯಿತು. ಒಂದು, ಎರಡು, ಮೂರು ಎಂದು ಕಾಲು ತಾನಾಗಿಯೇ ಎಣಿಸಿತು. ಐದಕ್ಕೆಲ್ಲ ಓರ್ವಿಲ್ ಪ್ರಿಚೆಟ್ ಬೆಳಕಿನಿಂದ ಆಚೆ ಇದ್ದ. ಈ ಸಲ ಅವನು ತಪ್ಪು ಮಾಡಲಿಲ್ಲ.